ಪರ್ಮಿಟ್ಟಿಗೆ ಒಂದು ಊರಿನ ಹೆಸರು

ರಾಜಾನುಕುಂಟೆ
4 ಫೆಬ್ರವರಿ 2024

ಚಿ. ಇಂದುಗೆ ಸೋದರಮಾವ ದೊಡ್ಡಮುನಿಯಪ್ಪ ಮಾಡುವ ಆಶೀರ್ವಾದ.

ಕಾಗದದ ಮೊದಲ ಸಾಲಿನಲ್ಲೇ ಇತ್ತ ಎಲ್ಲರೂ ಕ್ಷೇಮ ಎಂದು ಬರೆಯಬೇಕು ಅಂತ ನಮ್ಮ ಏಳನೇ ಕ್ಲಾಸಿನ ಮೇಷ್ಟ್ರು ಹೇಳಿಕೊಟ್ಟಿದ್ದರು. ಬರೆದಿದ್ದೇನೆ. ನನ್ನ ಎಡಗಡೆ ದವಡೆಹಲ್ಲು ಮಾತ್ರ ಕ್ಷೇಮವಾಗಿಲ್ಲ, ಅದು ನಿನಗೆ ಸಂಬಂಧಪಟ್ಟದ್ದಲ್ಲ.

ಈ ಕಾಲದಲ್ಲಿ ಕಾಗದ ಯಾರು ಬರೆಯುತ್ತಾರೆ ಎಂದು ನಗಬೇಡ. ಎರಡು ವರ್ಷದಿಂದ ನನ್ನ ಫೋನು ಬಂದರೆ ನೀನು ಎತ್ತುವುದಿಲ್ಲ. ಕಾಗದವನ್ನು ಹಾಗೆ ಕಟ್ ಮಾಡಲಾಗದು. ಹರಿದು ಹಾಕಬಹುದು, ಆದರೆ ಹರಿಯುವ ಮುಂಚೆ ಒಂದು ಸಾಲಾದರೂ ಕಣ್ಣಿಗೆ ಬಿದ್ದೇ ಬೀಳುತ್ತದೆ. ಆ ಒಂದು ಸಾಲು ಇದು: ನಾನು ಅರುಣಾಚಲಕ್ಕೆ ಬರುತ್ತಿದ್ದೇನೆ.

ಊರಿಗೆಲ್ಲ ಆಗಲೇ ಹೇಳಿಯಾಯಿತು. ಬೆಳಿಗ್ಗೆ ಹಾಲಿನ ಡೈರಿ ಹತ್ತಿರ ಮುನಿಆಂಜಿನಪ್ಪ ಕೇಳಿದ, “ಯಾವೂರ್ಗೆ ಓಯ್ತಿದೀಯಣ್ಣ?”

“ಊರ್ಗಲ್ಲ ಕಣ್ಲಾ, ರಾಜ್ಯಕ್ಕೇ ಓಯ್ತಿದೀನಿ. ಇಡೀ ರಾಜ್ಯ ನೋಡ್ಕೊಂಡ್ ಬತ್ತೀನಿ. ಅತ್ತು ದಿನ ಸಾಕು.”

ಕಾಶಿ ನೋಡಿಬಂದವನಿಗೆ ಅರುಣಾಚಲ ಯಾವ ಲೆಕ್ಕ ಎಂದೂ ಸೇರಿಸಿದೆ. ಹಾಲಿನ ಕ್ಯಾನು ಹಿಡಿದವರೆಲ್ಲ ಹಾಗೇ ನಿಂತುಬಿಟ್ಟರು.

ಮನೆಗೆ ಬಂದರೆ ಗಿರಿ ಫೋನಿನಲ್ಲಿ ನಕ್ಷೆ ತೆಗೆದು ತೋರಿಸಿದ. ಎಲ್ಲಿ ನೋಡಿದರೂ ಹಸಿರು, ಊರೇ ಇಲ್ಲ, ರಸ್ತೆ ಎಂಬುದು ಯಾರೋ ಎಳೆದು ಮರೆತ ದಾರದ ಹಾಗಿದೆ. “ಅಪ್ಪಾ, ಈ ಕೊನೆಯಿಂದ ಆ ಕೊನೆಗೆ ನಾಲ್ಕು ದಿನ ಬೇಕಂತೆ. ಹತ್ತು ದಿನಕ್ಕೆ ಒಂದು ಮೂಲೆ ನೋಡಬಹುದು, ಅಷ್ಟೇ. ಯಾವ ಮೂಲೆ ಅಂತ ನೀನೇ ಆರಿಸ್ಕೋ” ಎಂದ. ಅಷ್ಟು ದೊಡ್ಡ ರಾಜ್ಯದಲ್ಲಿ ಇರುವವರು ಹದಿನಾಲ್ಕು ಲಕ್ಷವಂತೆ. ನಮ್ಮ ಯಲಹಂಕ, ಹೆಬ್ಬಾಳ, ಯಶವಂತಪುರ ಸೇರಿಸಿದರೆ ಅದಕ್ಕಿಂತ ಹೆಚ್ಚು ಜನ ಬೆಳಗಿನ ಹೊತ್ತು ಬರೀ ಸಿಗ್ನಲ್ಲಿನಲ್ಲೇ ನಿಂತಿರುತ್ತಾರೆ.

ಅದಕ್ಕೇ ಬರೆಯುತ್ತಿದ್ದೇನೆ. ನೀನು ಅಲ್ಲಿ ಇರುವವಳು. ಯಾವ ಕಡೆ ನೋಡಬೇಕು, ನೀನೇ ಹೇಳು.

ಇಂತಿ,
ಮುನೇಶ್ವರ ಲೇಔಟಿನ ಒಡೆಯ, ಹಾಲಿನ ಸೊಸೈಟಿಯ ಮಾಜಿ ನಿರ್ದೇಶಕ, ನಿನ್ನ ಸೋದರಮಾವ
ದೊಡ್ಡಮುನಿಯಪ್ಪ


2 ಮಾರ್ಚ್ 2024

ಮಾವನವರಿಗೆ ನಮಸ್ಕಾರ.

ನಿಮ್ಮ ಪತ್ರ ತಲುಪಿತು. ವಿಳಾಸ ಅಮ್ಮ ಕೊಟ್ಟಿರಬೇಕು.

ನೀವು ಕೇಳಿದ್ದಕ್ಕೆ ಉತ್ತರ. ಪಶ್ಚಿಮದ ಕೊನೆಯಲ್ಲಿ ತವಾಂಗ್ ಇದೆ. ಹಿಮ, ಕೊಳಗಳು, ಬೆಟ್ಟದ ನೆತ್ತಿಯ ಮೇಲೆ ದೊಡ್ಡ ಬೌದ್ಧಮಠ. ಗುವಾಹಟಿಯಿಂದ ಎರಡು ದಿನದ ದಾರಿ. ನಡುವಿನಲ್ಲಿ ಝೀರೋ ಎಂಬ ಊರಿದೆ, ಅಗಲವಾದ ಕಣಿವೆ. ಅಲ್ಲಿಯವರು ಭತ್ತದ ಗದ್ದೆಯಲ್ಲಿ ನಿಂತ ನೀರಿನಲ್ಲೇ ಮೀನು ಸಾಕುತ್ತಾರೆ. ನೀವು ಕೆರೆ ಹಿಂದಿನ ಗದ್ದೆಯಲ್ಲಿ ಬೆಳೆದವರು, ನಿಮಗೆ ಹಿಡಿಸಬಹುದು. ಅದರಿಂದ ಉತ್ತರಕ್ಕೆ, ಗಡಿಯ ಹತ್ತಿರ, ಮೆಚುಕಾ. ನದಿ, ಹುಲ್ಲುಗಾವಲು, ಮರದ ಸೇತುವೆ.

ಹತ್ತು ದಿನಕ್ಕೆ ಇವುಗಳಲ್ಲಿ ಒಂದೇ ಆಗುವುದು. ತವಾಂಗ್ ಆರಿಸಿಕೊಳ್ಳಿ. ಊರಿಗೆ ಹಿಂದಿರುಗಿದ ಮೇಲೆ ಹೇಳಿಕೊಳ್ಳಲು ಅದೇ ಚೆನ್ನಾಗಿರುತ್ತದೆ.

ಅತ್ತೆಗೆ ನಮಸ್ಕಾರ. ಗಿರಿಗೂ ಅವನ ಹೆಂಡತಿಗೂ ಶುಭಾಶಯ. ಮದುವೆಗೆ ಬರಲಾಗಲಿಲ್ಲ.

ಇಂದು


ರಾಜಾನುಕುಂಟೆ
24 ಮಾರ್ಚ್ 2024

ಚಿ. ಇಂದುಗೆ ಆಶೀರ್ವಾದ.

ನಿನ್ನ ಕಾಗದ ಬಂದ ದಿನ ಮನೆಯಲ್ಲಿ ಹೋಳಿಗೆ ಮಾಡಿಸಿದೆ. ನಿಮ್ಮತ್ತೆ, “ಆ ಮಗೀನ್ ಕಾಗ್ದದಾಗೆ ಅಂಥಾದ್ದೇನೈತೆ, ಓದೇಳಿ” ಎಂದಳು. ಓದಿದೆ. ಕೇಳಿ, “ಟೀಚರ್ರು ಪಾಠ ಮಾಡ್ದಂಗೈತೆ” ಎಂದು ಒಳಗೆ ಹೋದಳು. ಅವಳು ಓದಿದ್ದು ಎರಡನೇ ಕ್ಲಾಸು, ಆದರೆ ಒಂದೊಂದು ಸಲ ಸರಿಯಾಗಿ ಹೇಳುತ್ತಾಳೆ.

ನಿನ್ನ ಮಾತಿನಂತೆ ತವಾಂಗ್ ವಿಚಾರಿಸಿದೆ. ನಮ್ಮ ಲೇಔಟಿನಲ್ಲಿ ಮನೆ ಕಟ್ಟಿರುವ ಸೋಮನಾಥ ಎಂಬ ರಿಟೈರ್ಡ್ ಸುಬೇದಾರರು ಅಲ್ಲಿ ಮೂರು ವರ್ಷ ಇದ್ದವರು. “ಮುನಿಯಪ್ನೋರೇ, ದಾರೀಲಿ ಸಿಗೋ ಸೇಲಾ ಪಾಸ್‌ನಲ್ಲಿ ನಿಮ್ಮ ಈ ಮೀಸೆ ಇದೆಯಲ್ಲ, ಅದು ಐಸ್ ಕಟ್ಕೊಂಡು ಕಡ್ಡಿ ಥರ ನಿಂತ್ಕೊಳ್ಳುತ್ತೆ” ಎಂದರು. ನನ್ನ ಮೀಸೆ ಈಗಲೂ ಹಾಗೇ ನಿಲ್ಲುತ್ತದೆ, ಅದಕ್ಕೆ ಅಷ್ಟು ದೂರ ಹೋಗಬೇಕಾಗಿಲ್ಲ ಎಂದೆ.

ಆಮೇಲೆ ಯಲಹಂಕದಲ್ಲಿ ಟ್ರಾವೆಲ್ಸ್ ಇಟ್ಟಿರುವ ಅನ್ವರ್ ಹತ್ತಿರ ಹೋದೆ. ನಮ್ಮ ದೇಶದ ರಾಜ್ಯಕ್ಕೆ ಹೋಗಲೂ ಪರ್ಮಿಟ್ ಬೇಕಂತೆ, ಇದು ನನಗೆ ಗೊತ್ತಿರಲಿಲ್ಲ. ಅವನು ಕಂಪ್ಯೂಟರಿನಲ್ಲಿ ಅರ್ಜಿ ತೆರೆದ.

“ಯಾವ್ ಡಿಸ್ಟ್ರಿಕ್ಟ್ ಹಾಕ್ಲಿ ಸಾರ್?”

“ಎಲ್ಲಾ ಆಕಪ್ಪ.”

“ಎಲ್ಲಾನೂ ಹಾಕ್ಬಿಟ್ಟು ಏನ್ ಮಾಡ್ತೀರ ಸಾರ್, ಇರೋದು ಹತ್ ದಿನ. ಹೋಗಲಿ, ಯಾಕೆ ಹೋಗ್ತಿದೀರ ಅಂತ ಕೇಳ್ತಾ ಐತೆ. ಟೂರು ಅಂತ ಹಾಕ್ಲಾ, ನೆಂಟ್ರನ್ನ ನೋಡಕ್ಕೆ ಅಂತ ಹಾಕ್ಲಾ?”

ಇಂದು, ನಾನು ನೋಂದಣಿ ಕಚೇರಿಯಲ್ಲಿ ಹೆದರದವನು, ತಹಶೀಲ್ದಾರರ ಮುಂದೆ ಕುರ್ಚಿ ಎಳೆದುಕೊಂಡು ಕೂತವನು. ಆ ಹುಡುಗನ ಪ್ರಶ್ನೆಗೆ ಮಾತ್ರ ನಾಳೆ ಬರುತ್ತೇನೆ ಎಂದು ಎದ್ದುಬಂದೆ.

ಬಂದು ಗಿರಿಯ ಕೈಯಲ್ಲಿ ನೀನು ಹೇಳಿದ ಊರುಗಳಿಗೆ ನಕ್ಷೆಯಲ್ಲಿ ಗುರುತು ಹಾಕಿಸಿದೆ. ತವಾಂಗ್, ಝೀರೋ, ಮೆಚುಕಾ. ಆಮೇಲೆ ಲಕೋಟೆಯ ಮೇಲಿನ ನಿನ್ನ ಊರಿಗೂ ಒಂದು ಗುರುತು. ಮೂರೂ ನಿನಗೆ ಬೆನ್ನು ತಿರುಗಿಸಿಕೊಂಡು ಕೂತಿವೆ. ನಿನ್ನ ಕಾಗದದ ತಲೆಯ ಮೇಲೆ ತಾರೀಖು ಇದೆ, ಊರಿಲ್ಲ.

ನಾನು ಸೈಟು ಮಾರಿದವನು ಕಣಮ್ಮ. ಲೇಔಟ್ ತೋರಿಸುವವನು ಯಾವ ಮೂಲೆಗೆ ಕರೆದುಕೊಂಡು ಹೋಗದೆ ಸುತ್ತಿಸುತ್ತಾನೋ, ವಿಷಯ ಇರುವುದು ಆ ಮೂಲೆಯಲ್ಲೇ. ನಿನ್ನ ಕಡೆ ಏನಿದೆ? ಅದನ್ನೇಕೆ ಬರೆಯಲಿಲ್ಲ?

ಇಂತಿ ನಿನ್ನ ಸೋದರಮಾವ,
ದೊಡ್ಡಮುನಿಯಪ್ಪ


ಅನಿನಿ
28 ಏಪ್ರಿಲ್ 2024

ಮಾವ,

ಈ ಸಲ ಊರು ಬರೆದಿದ್ದೇನೆ.

ಇಲ್ಲಿ ಏನಿದೆ ಎಂದು ಕೇಳಿದ್ದೀರಿ. ಏನೂ ಇಲ್ಲ. ಹಿಂದಿನ ಜನಗಣತಿಯಲ್ಲಿ ಇಡೀ ಜಿಲ್ಲೆಗೆ ಎಂಟು ಸಾವಿರ ಜನ. ಒಂದು ಚದರ ಕಿಲೋಮೀಟರಿಗೆ ಒಬ್ಬರೂ ಬರುವುದಿಲ್ಲ. ಬೆಟ್ಟದ ಬುಡದ ಊರಿನಿಂದ ಇಲ್ಲಿಗೆ ಜೀಪಿನಲ್ಲಿ ಒಂದು ಇಡೀ ದಿನ, ಕೆಲವು ಸಲ ಎರಡು ದಿನ. ಮಳೆಗಾಲದಲ್ಲಿ ರಸ್ತೆ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ನನ್ನ ತರಗತಿಯಲ್ಲಿ ಹನ್ನೊಂದು ಮಕ್ಕಳು. ಕಿಟಕಿಯಾಚೆ ಮೋಡ ಬಂದು ನಿಂತಾಗ ಕರಿಹಲಗೆ ಕಾಣದೆ ಪಾಠ ನಿಲ್ಲಿಸುತ್ತೇವೆ. ಮೋಡ ಹೋದ ಮೇಲೆ ಮತ್ತೆ ಶುರು.

ಇಲ್ಲಿ ನನ್ನನ್ನು ಯಾರೂ ಇಂಥವರ ಮಗಳು, ಇಂಥವರ ಸೊಸೆಯಾಗಬೇಕಾದವಳು ಎಂದು ಕರೆಯುವುದಿಲ್ಲ. ಲೆಕ್ಕದ ಮಿಸ್ ಎನ್ನುತ್ತಾರೆ. ಅಷ್ಟು ಸಾಕು ಎಂದೇ ಇಷ್ಟು ದೂರ ಬಂದದ್ದು.

ನೀವು ಕೇಳಿದ್ದರಿಂದ ಬರೆಯುತ್ತೇನೆ, ಇಲ್ಲದಿದ್ದರೆ ಬರೆಯುತ್ತಿರಲಿಲ್ಲ. ನಿಮ್ಮ ಹೊಸ ಮನೆಯ ಗೃಹಪ್ರವೇಶದ ದಿನ ನಾನು ಮೂರನೇ ಪಂಕ್ತಿಗೆ ಕೋಸಂಬರಿ ಬಡಿಸುತ್ತಿದ್ದೆ. ನೀವು ವಾಲಗದವರ ಮೈಕು ತೆಗೆದುಕೊಂಡಿರಿ. “ಇವತ್ತು ಎಲ್ರಿಗೂ ಎರಡು ಊಟ ಬಾಕಿ, ಒಂದು ಈಗ ಉಣ್ತಿದೀರ, ಇನ್ನೊಂದು ನಮ್ಮ ಗಿರಿಗೂ ಇಂದುಗೂ ಮದ್ವೆ ಆದಾಗ” ಎಂದಿರಿ. ಮುನ್ನೂರು ಜನ ಎಲೆ ಮುಂದೆ ಕೂತಲ್ಲಿಂದಲೇ ನನ್ನನ್ನು ನೋಡಿದರು. ಯಾರೋ ಅಜ್ಜಿ ಎದ್ದುಬಂದು ನನ್ನ ಜಡೆಗೆ ಹೂವು ಮುಡಿಸಿಯೇಬಿಟ್ಟರು. ನನ್ನ ಎರಡೂ ಕೈಯಲ್ಲಿ ಬೇಸಿನ್ ಇತ್ತು. ತಡೆಯಲು ಕೈ ಇರಲಿಲ್ಲ.

ಗಿರಿಯನ್ನೂ ನೀವು ಕೇಳಿರಲಿಲ್ಲ. ಅವನ ಮನಸ್ಸು ಆಗಲೇ ಮಾಕಳಿಯ ಹುಡುಗಿಯ ಮೇಲಿತ್ತು, ಅದು ನನಗೆ ಗೊತ್ತಿತ್ತು, ನಿಮಗೆ ಗೊತ್ತಿರಲಿಲ್ಲ. ಅದೆಲ್ಲ ಹೋಗಲಿ. ನೀವು ಇರುವುದೇ ಹಾಗೆ, ನಿಮ್ಮ ಮಾತು ನನಗೆ ಅಷ್ಟು ನಾಟಲಿಲ್ಲ. ನಿಮ್ಮ ಪಕ್ಕದ ಕುರ್ಚಿಯಲ್ಲಿ ಅಮ್ಮ ಕೂತಿದ್ದರು. ನೀವು ಹೇಳುವಾಗ ಅಮ್ಮ ನಕ್ಕರು. ಅವರಿಗೆ ಮೊದಲೇ ಗೊತ್ತಿತ್ತು ಎಂಬುದು ಆ ನಗುವಿನಲ್ಲೇ ಕಾಣುತ್ತಿತ್ತು. ಒಂದು ಮಾತು ನನ್ನನ್ನು ಕೇಳಬಹುದಾಗಿತ್ತಲ್ಲ.

ಪ್ರತಿ ಭಾನುವಾರ ಅಮ್ಮನಿಗೆ ಫೋನ್ ಮಾಡುತ್ತೇನೆ. ಮಳೆ, ಕರೆಂಟು, ಸಾರು. ಅಲ್ಲಿಗೆ ಮುಗಿಯುತ್ತದೆ.

ದಯವಿಟ್ಟು ತವಾಂಗ್ ನೋಡಿ ಬನ್ನಿ.

ಇಂದು


ರಾಜಾನುಕುಂಟೆ
9 ಜೂನ್ 2024

ಇಂದು,

ಇದು ನಾಲ್ಕನೆಯ ಕಾಗದ. ಮೂರು ಬರೆದು ಹರಿದೆ. ನಿಮ್ಮತ್ತೆ ಕಸ ಗುಡಿಸುತ್ತಾ, “ಊರ್ ಮುಂದೆ ಮೈಕ್ ಇಡ್ಕೊಳಕ್ಕೆ ಕೈ ಬತ್ತದೆ, ಒಂದ್ ಕಾಗ್ದ ಬರ್ಯಕ್ಕೆ ಬರಲ್ವಾ?” ಎಂದಳು. ಅವಳಿಗೆ ವಿಷಯ ಗೊತ್ತಿಲ್ಲ. ಗೊತ್ತಿರುವವರು ಇಬ್ಬರೇ, ನಾನು ಮತ್ತು ನಮ್ಮಕ್ಕ.

ಗೃಹಪ್ರವೇಶದ ಬೆಳಿಗ್ಗೆ ಅಕ್ಕ ಅಡಿಗೆಯವರ ಪಕ್ಕ ಕೂತು ಬೀನ್ಸ್ ಮುರಿಯುತ್ತಿದ್ದಳು. ನಾನು ಹೋಗಿ ಹೇಳಿದೆ: “ಅಕ್ಕಾ, ಇಂದೂನ ಕೇಳಿದೀನಿ. ಒಪ್ಕೊಂಡವ್ಳೆ. ನಿನ್ನತ್ರ ಏಳಕ್ಕೆ ನಾಚ್ಕೆಯಂತೆ.”

ನಾನು ನಿನ್ನನ್ನು ಕೇಳಿರಲಿಲ್ಲ.

ಅಕ್ಕ ಬೀನ್ಸು ಅಲ್ಲೇ ಬಿಟ್ಟು ನನ್ನ ಕೈ ಹಿಡಿದುಕೊಂಡಳು. “ನಿಜ್ವಾಗ್ಲೂ ಒಪ್ಪಿದ್ಳೇನೋ?” ಎಂದಳು. “ನಿನ್ನಾಣೆಗೂ” ಎಂದೆ. ನೀನು ನೋಡಿದೆಯಲ್ಲ, ಆ ನಗು, ಅದು ಮಗಳು ಒಪ್ಪಿದಳು ಎಂಬ ಸಂತೋಷದ್ದು. ನಿನ್ನನ್ನು ಕೇಳದೆ ನಕ್ಕದ್ದಲ್ಲ.

ಯಾಕೆ ಹಾಗೆ ಮಾಡಿದೆ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಅವತ್ತು ದೊಡ್ಡ ದೊಡ್ಡ ಬಿಲ್ಡರುಗಳು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಮನೆ ತೋರಿಸಿಯಾಗಿತ್ತು, ಟೈಲ್ಸ್ ತೋರಿಸಿಯಾಗಿತ್ತು. ಇನ್ನೂ ಏನಾದರೂ ದೊಡ್ಡದು ಹೇಳಬೇಕು ಎನ್ನಿಸಿತು. ಓದಿದ ಹುಡುಗಿ, ಸ್ವಂತ ಅಕ್ಕನ ಮಗಳು, ನಮ್ಮ ಮನೆಗೇ ಬರುತ್ತಾಳೆ ಎನ್ನುವುದಕ್ಕಿಂತ ದೊಡ್ಡದು ನನ್ನ ಹತ್ತಿರ ಇರಲಿಲ್ಲ. ಮೈಕಿನಲ್ಲಿ ಹೇಳಿಬಿಟ್ಟರೆ ಹುಡುಗರು ಆಮೇಲೆ ತಾವಾಗೇ ದಾರಿಗೆ ಬರುತ್ತಾರೆ ಅಂದುಕೊಂಡೆ. ನಮ್ಮಪ್ಪ ನನಗೂ ಹೀಗೇ ಮಾಡಿದ್ದ, ನಡೆದುಹೋಗಿತ್ತು.

ನೀನು ಬೇಸಿನ್ ಕೆಳಗಿಟ್ಟು, “ಯಾರನ್ನ ಕೇಳಿ ಹೇಳಿದ್ರಿ?” ಎಂದಾಗ ಅಕ್ಕ ನನ್ನ ಮುಖ ನೋಡಿದಳು. ನಾನು ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದೆ. ಅವಳಿಗೆ ಅರ್ಥವಾಯಿತು. ನೀನು ಹೊರಟುಹೋದ ಮೇಲೆ, ಪಾತ್ರೆ ತೊಳೆಯುವ ಕಡೆ ಕರೆದುಕೊಂಡು ಹೋಗಿ ಅವಳ ಕೈ ಹಿಡಿದೆ. “ಅಕ್ಕಾ, ನಾನ್ ಸುಳ್ಳೇಳ್ದೆ ಅಂತ ಯಾರ್ಗೂ ಏಳ್ಬೇಡ. ಮರ್ವಾದೆ ಓಯ್ತದೆ. ಇಂದೂಗೂ ಏಳ್ಬೇಡ, ಅವಳು ನನ್ ಮನೆ ಬಾಗ್ಲು ತುಳಿಯಾಕಿಲ್ಲ” ಎಂದೆ. ಭಾವ ತೀರಿಕೊಂಡ ಮೇಲೆ ಅವಳಿಗೆ ತವರು ಅಂತ ಇರುವವನು ನಾನೊಬ್ಬ. ಹೂಂ ಎಂದಳು. ಎರಡು ವರ್ಷ ನನ್ನ ಮರ್ಯಾದೆ ಉಳಿಸಿದಳು. ನೀನು ಅವಳನ್ನು ಏನೆಂದುಕೊಂಡಿದ್ದೀ ಎಂಬುದು ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ನಿನ್ನ ಹತ್ತಿರ ಬಂದು, ಎದುರು ಕೂತು ಇದನ್ನು ಹೇಳಬೇಕೆಂದಿದ್ದೆ. ಅದಕ್ಕೇ ಅರುಣಾಚಲ ನೋಡುವ ನೆವ ತೆಗೆದದ್ದು. ಇಡೀ ರಾಜ್ಯ ನೋಡುತ್ತೇನೆ ಎಂದು ಡೈರಿಯಲ್ಲಿ ಹೇಳಿದೆನಲ್ಲ, ಅದೂ ಬುರುಡೆಯೇ. ನಿಜ ಹೇಳಬೇಕೆಂದರೆ ನಾನು ಕಾಶಿಯನ್ನೂ ನೋಡಿಲ್ಲ. ಗುಂತಕಲ್ಲಿನಲ್ಲಿ ಹೊಟ್ಟೆ ಕೆಟ್ಟು ಇಳಿದುಕೊಂಡೆ. ಗಂಗಾಜಲದ ತಂಬಿಗೆಯನ್ನು ಜೊತೆಯವರು ತಂದುಕೊಟ್ಟರು.

ಪರ್ಮಿಟ್ ಅರ್ಜಿ ಹಾಗೇ ಇದೆ. ನೀನು ಹೇಳಿದ ಊರನ್ನು ಬರೆಸುತ್ತೇನೆ. ತವಾಂಗ್ ಎಂದರೆ ತವಾಂಗ್. ಬರಲೇಬೇಡ ಎಂದರೆ ಡೈರಿಯವರಿಗೆ ಹಲ್ಲುನೋವು ಎನ್ನುತ್ತೇನೆ.

ದೊಡ್ಡಮುನಿಯಪ್ಪ


ಅನಿನಿ
30 ಆಗಸ್ಟ್ 2024

ಮಾವ,

ನಿಮ್ಮ ಜೂನ್ ತಿಂಗಳ ಕಾಗದ ಆಗಸ್ಟ್ ಮೊದಲ ವಾರ ಕೈಗೆ ಬಂತು. ದಾರಿಯಲ್ಲಿ ಗುಡ್ಡ ಕುಸಿದು ಟಪ್ಪಾಲು ಕೆಳಗೇ ನಿಂತಿತ್ತು. ಓದಿದ ಮೇಲೆ ಉತ್ತರ ಬರೆಯಲು ಮತ್ತೆ ಮೂರು ವಾರ ಬೇಕಾಯಿತು. ಅದಕ್ಕೆ ಗುಡ್ಡ ಕಾರಣವಲ್ಲ.

ಮೊದಲು ಸಿಟ್ಟು ಬಂತು. ನಿಮ್ಮ ಮೇಲಿನದು ಹಳೆಯ ಸಿಟ್ಟು, ಅದು ಅಭ್ಯಾಸವಾಗಿದೆ. ಅಮ್ಮನ ಮೇಲೆ ಬಂದದ್ದು ಹೊಸದು. ತಮ್ಮನ ಮರ್ಯಾದೆ ಉಳಿಸಲು ಮಗಳನ್ನು ಬಿಟ್ಟುಕೊಟ್ಟರಲ್ಲ ಎಂದು. ಅದೇನು ಹಗುರವಾದ ವಿಷಯವಲ್ಲ, ನೀವು ಒಪ್ಪಿಕೊಂಡ ಮಾತ್ರಕ್ಕೆ ಹಗುರವಾಗುವುದೂ ಇಲ್ಲ.

ಆಮೇಲೆ ಒಂದು ಭಾನುವಾರ ಅಮ್ಮ ಹುರುಳಿ ಮೊಳಕೆ ಸಾರಿನ ವಿಷಯ ಹೇಳುತ್ತಿದ್ದರು. ಪ್ರತಿ ವಾರವೂ ಸಾರು. ಯಾಕಪ್ಪಾ ಎಂದು ನನಗೆ ಬೇಸರವಾಗುತ್ತಿತ್ತು. ಬೇರೆ ಮಾತು ತೆಗೆದರೆ ನಿಮ್ಮ ಗುಟ್ಟು ಬಾಯಿಂದ ಜಾರಿಬಿಡಬಹುದೆಂದು ಸಾರನ್ನೇ ಹಿಡಿದುಕೊಂಡು ಕೂತಿದ್ದರೇನೋ ಎಂದು ಆ ದಿನ ಅನ್ನಿಸಿತು. ನಾನು ಏನೂ ಕೇಳಲಿಲ್ಲ. ಫೋನಿನಲ್ಲಿ ಕೇಳುವಂಥದ್ದಲ್ಲ. “ಬೆಳ್ಳುಳ್ಳಿ ಎಷ್ಟ್ ಹಾಕ್ದೆ ಅಮ್ಮಾ?” ಎಂದೆ. ಅಮ್ಮ ಏನಂದೆ ಎಂದು ಎರಡು ಸಲ ಕೇಳಿದರು. ನಾನು ಸಾರಿನ ಬಗ್ಗೆ ತಿರುಗಿ ಒಂದು ಮಾತು ಕೇಳಿ ಎರಡು ವರ್ಷವಾಗಿತ್ತು.

ಈಗ ಊರಿನ ವಿಷಯ. ಬಹಳ ಯೋಚಿಸಿದೆ. ತವಾಂಗ್ ಬೇಡ. ಅಲ್ಲಿಗೆ ಹೋದರೆ ನೀವು ನಿಜವಾಗಿಯೂ ಬರೀ ಪ್ರವಾಸಿಯಾಗುತ್ತೀರಿ. ಅನಿನಿಯೂ ಬೇಡ. ಇಲ್ಲಿ ನೀವು ಬಂದರೆ ಮಕ್ಕಳು ಹಾಡು ಹೇಳುತ್ತಾರೆ, ಹಿರಿಯರು ಶಾಲು ಹೊದಿಸುತ್ತಾರೆ, ನೀವು ಎದ್ದುನಿಂತು ಭಾಷಣ ಮಾಡುತ್ತೀರಿ. ನಾನು ಮತ್ತೆ ನಿಮ್ಮ ಸೊಸೆ ಮಾತ್ರ ಆಗುತ್ತೇನೆ. ಈ ಒಂದು ಜಾಗ ಸದ್ಯಕ್ಕೆ ನನ್ನದಾಗಿಯೇ ಇರಲಿ.

ರೋಯಿಂಗ್ ಎಂದು ಬರೆಸಿ. ಬೆಟ್ಟದ ಬುಡದ ಊರು ಎಂದಿದ್ದೆನಲ್ಲ, ಅದು. ಅಸ್ಸಾಮಿನ ತಿನ್ಸುಕಿಯಾದಲ್ಲಿ ರೈಲು ಇಳಿದು, ಲೋಹಿತ ನದಿಯ ಉದ್ದನೆಯ ಸೇತುವೆ ದಾಟಿದರೆ ಕೆಲವು ಗಂಟೆಗಳ ದಾರಿ. ನಾನು ಮೇಲಿನಿಂದ ಇಳಿದುಬರುತ್ತೇನೆ. ಅಲ್ಲಿ ನಮ್ಮಿಬ್ಬರನ್ನೂ ಬಲ್ಲವರು ಯಾರೂ ಇಲ್ಲ. ನವೆಂಬರ್ ಎರಡನೇ ವಾರ ನಾಲ್ಕು ದಿನ ರಜೆ ಕೇಳಿದ್ದೇನೆ. ನೋಡಲು ದೊಡ್ಡದೇನಿಲ್ಲ. ಒಂದು ಕೆರೆ, ನದಿ, ಒಂದು ಪೇಟೆ ಬೀದಿ. ಊರು ಸಮತಟ್ಟಾಗಿದೆ. ಮೆಟ್ಟಿಲು ಹತ್ತಬೇಕಾಗಿಲ್ಲದ ಲಾಡ್ಜ್ ಒಂದನ್ನು ನೋಡಿಟ್ಟಿದ್ದೇನೆ, ಕೆಳಗಿನ ಕೋಣೆಗಳು.

ಇಂದು


ರಾಜಾನುಕುಂಟೆ
22 ಸೆಪ್ಟೆಂಬರ್ 2024

ಇಂದು,

ರೋಯಿಂಗ್ ಆಗಲಿ. ಡೈರಿಯಲ್ಲಿ ಕೇಳುತ್ತಿದ್ದಾರೆ, ಯಾವಾಗ ಹೊರಟೆ ಎಂದು. ಇನ್ನೂ ನೋಡಬೇಕು ಎಂದಿದ್ದೇನೆ. ದೊಡ್ಡಮುನಿಯಪ್ಪ ಇನ್ನೂ ನೋಡಬೇಕು ಎಂದದ್ದನ್ನು ಅವರು ಕೇಳಿದ್ದು ಇದೇ ಮೊದಲು. ಮೈ ಹುಷಾರಿಲ್ಲವೇ ಎಂದು ಮುನಿಆಂಜಿನಪ್ಪ ಸಂಜೆ ಮನೆತನಕ ಬಂದು ವಿಚಾರಿಸಿಕೊಂಡು ಹೋದ.

ನಿನ್ನ ಕಾಗದದ ಕೊನೆಯಲ್ಲಿ ಒಂದು ಸಾಲಿದೆ, ಮೆಟ್ಟಿಲಿಲ್ಲದ ಲಾಡ್ಜ್ ಎಂದು. ಅದನ್ನು ನಾಲ್ಕು ಸಲ ಓದಿದೆ. ನನಗೆ ಅರವತ್ತೆರಡು. ಈಗಲೂ ಸಿಮೆಂಟ್ ಮೂಟೆ ಹೊತ್ತು ಮೂರನೇ ಮಹಡಿ ಹತ್ತುತ್ತೇನೆ ಎಂದು ಬರೆಯಲು ಹೊರಟಿದ್ದೆ. ಮೂಟೆ ಬೇಡ, ಬರಿಗೈಯಲ್ಲಿ ಹತ್ತುತ್ತೇನೆ. ಮೆಟ್ಟಿಲು ಹತ್ತಲಾಗದೆ ಮಂಡಿ ಹಿಡಿದುಕೊಂಡು ಕೂರುವವಳು ಚಿಕ್ಕಬಾಣಾವರದ ನಿಮ್ಮ ಮನೆಯಲ್ಲಿ ಇದ್ದಾಳೆ.

ಆ ಸಾಲನ್ನು ನೀನು ಯಾರಿಗಾಗಿ ಬರೆದೆ ಎಂಬುದು ನನಗೆ ಗೊತ್ತಿಲ್ಲ. ಗೊತ್ತು ಎಂದು ಅಂದುಕೊಳ್ಳಬಹುದು, ಹಾಗೆ ಅಂದುಕೊಳ್ಳುವುದು ನನಗೆ ಬಹಳ ಸುಲಭ. ಇಷ್ಟು ಹೊತ್ತಿಗೆ ಎರಡು ಟಿಕೆಟು ತೆಗೆದು, ಅಕ್ಕನ ಮನೆ ಮುಂದೆ ಆಟೋ ನಿಲ್ಲಿಸಿ, “ಇಂದು ನಿನ್ನ ಕರ್ಕೊಂಬಾ ಅಂದವ್ಳೆ, ಒರ್ಡು” ಎಂದು ಕೂಗಿಯಾಗಿರುತ್ತಿತ್ತು. ಅವಳು ನಂಬುತ್ತಿದ್ದಳು ಕೂಡ. ಮೊನ್ನೆ ಅವಳ ಮನೆಗೆ ಹೋಗಿದ್ದೆ. ಕಾಫಿ ಕುಡಿದೆ. ಸಾರಿನ ವಿಷಯ ಮಾತಾಡಿದೆವು. ಬಾಯಿಯ ತನಕ ಬಂತು, ನುಂಗಿಕೊಂಡು ಎದ್ದೆ.

ಅದಕ್ಕೆ ಕೇಳುತ್ತಿದ್ದೇನೆ. ಅಕ್ಕನನ್ನು ಕರೆದುಕೊಂಡು ಬರಲೇ? ನಿನ್ನ ಉತ್ತರ ಬರುವ ತನಕ ಅವಳಿಗೆ ಹೇಳುವುದಿಲ್ಲ, ಟಿಕೆಟೂ ತೆಗೆಯುವುದಿಲ್ಲ. ಬರಲಿ ಎಂದರೆ ಕರೆದುಕೊಂಡು ಬರುತ್ತೇನೆ. ಬೇಡ ಎಂದರೆ ನಾನೊಬ್ಬನೇ ಬರುತ್ತೇನೆ. ಇನ್ನೂ ಯೋಚನೆ ಮಾಡಬೇಕು ಎಂದರೆ, ಮಾಡು. ನಾನು ಕಾಯುತ್ತೇನೆ.

ಮಾವ